ನಡುನೀರಿನಲ್ಲಿ ಕೈಬಿಟ್ಟ ಕುರ್ದರು

1946ರ ಜನವರಿ 22. ವಾಯವ್ಯ ಇರಾನಿನ ಮಹಾಬಾದ್ ಪಟ್ಟಣದ ಚ್ವಾರ್‌ಚಿರಾ ಚೌಕದಲ್ಲಿ ಕುರ್ದ್ ನಾಯಕ ಖಾಜಿ ಮೊಹಮ್ಮದ್ ಕುರ್ದಿಶ್ ಗಣರಾಜ್ಯವನ್ನು ಘೋಷಿಸಿದರು. ಶಾಲೆಗಳಲ್ಲಿ ಕುರ್ದಿಶ್ ಭಾಷೆಯಲ್ಲೇ ಪಾಠ ನಡೆಯಿತು. ‘ಕುರ್ದಿಸ್ತಾನ್’ ಎಂಬ ಪತ್ರಿಕೆ ಬಂತು. ಆದರೆ ಬೆನ್ನಿಗೆ ನಿಂತಿದ್ದ ಸೋವಿಯತ್ ಸೇನೆ, ತೈಲ ಒಪ್ಪಂದದ ಭರವಸೆ ಸಿಕ್ಕಿದ್ದೇ ತಡ, ಇರಾನಿನಿಂದ ಕಾಲ್ತೆಗೆಯಿತು. ಡಿಸೆಂಬರಿನಲ್ಲಿ ಇರಾನಿ ಪಡೆ ಊರು ಹೊಕ್ಕಿತು. ಖಾಜಿ ಪಲಾಯನ ಮಾಡದೆ ಶರಣಾದರು. 1947ರ ಮಾರ್ಚ್ 31ರಂದು ಅದೇ ಚೌಕದಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು.

ಅಗತ್ಯವಿದ್ದಾಗ ಬೆನ್ನು ತಟ್ಟಿ, ಕೆಲಸ ಮುಗಿದ ಮೇಲೆ ನಡುನೀರಿನಲ್ಲಿ ಕೈಬಿಡುವುದು ಕುರ್ದರ ವಿಷಯದಲ್ಲಿ ದೊಡ್ಡ ದೇಶಗಳ ರೂಢಿಯೇ ಆಗಿದೆ. ಆಟೊಮನ್ ಸಾಮ್ರಾಜ್ಯ ಸೋತಾಗ, 1920ರ ಸೆವ್ರ್ ಒಪ್ಪಂದ ಕುರ್ದರ ಸ್ವಾಯತ್ತತೆಗೂ ಮುಂದೆ ಸ್ವತಂತ್ರ ದೇಶಕ್ಕೂ ದಾರಿ ತೆರೆದಿಟ್ಟಿತ್ತು. ಅದರ ಜಾಗಕ್ಕೆ ಬಂದ 1923ರ ಲೊಸಾನ್ ಒಪ್ಪಂದದಲ್ಲಿ ಕುರ್ದರ ಹೆಸರೇ ಇರಲಿಲ್ಲ. ಇಂದು ಮೂರು ಕೋಟಿಗೂ ಹೆಚ್ಚಿರುವ ಈ ಜನ ತುರ್ಕಿ, ಇರಾನ್, ಇರಾಕ್, ಸಿರಿಯಾಗಳಲ್ಲಿ ಹಂಚಿಹೋಗಿದ್ದಾರೆ.

ಇರಾಕಿನಲ್ಲಿ ಮುಸ್ತಫಾ ಬರ್ಜಾನಿ ನಡೆಸಿದ ಬಂಡಾಯಕ್ಕೆ ಇರಾನಿನ ಶಾ ಮತ್ತು ಅಮೆರಿಕ ಶಸ್ತ್ರ ಕೊಟ್ಟರು. 1975ರಲ್ಲಿ ಅಲ್ಜೀರ್ಸ್‌ನಲ್ಲಿ ಇರಾನ್–ಇರಾಕ್ ರಾಜಿಯಾಗುತ್ತಲೇ ನೆರವು ನಿಂತಿತು, ಬಂಡಾಯ ಕುಸಿಯಿತು. 1988ರ ಮಾರ್ಚ್ 16ರಂದು ಕುರ್ದರ ಹಲಬ್ಜಾ ಪಟ್ಟಣದ ಮೇಲೆ ಇರಾಕಿನ ಅಧ್ಯಕ್ಷ ಸದ್ದಾಂ ಹುಸೇನ್ ಸೇನೆ ವಿಷಾನಿಲ ಸುರಿದು ಸುಮಾರು 5,000 ಜನರನ್ನು ಕೊಂದಿತು. ಅಲ್ಲಿನ ಕುರ್ದರಿಗೆ ಸ್ವಂತ ಆಡಳಿತ ದಕ್ಕಿದ್ದು 1991ರ ಕೊಲ್ಲಿ ಯುದ್ಧದ ನಂತರ. 2005ರ ಸಂವಿಧಾನ ಅದನ್ನು ಮಾನ್ಯ ಮಾಡಿತು. 2017ರ ಜನಮತಗಣನೆಯಲ್ಲಿ ಶೇ 92ಕ್ಕೂ ಹೆಚ್ಚು ಮತ ಸ್ವಾತಂತ್ರ್ಯದ ಪರ ಬಿದ್ದರೂ ಯಾವ ದೊಡ್ಡ ದೇಶವೂ ಬೆಂಬಲಿಸಲಿಲ್ಲ. ತಿಂಗಳೊಳಗೆ ಕಿರ್ಕುಕ್ ನಗರವೂ ಕುರ್ದರ ಕೈತಪ್ಪಿತು.

ತುರ್ಕಿಯಲ್ಲಂತೂ ಕುರ್ದರನ್ನು ದಶಕಗಳ ಕಾಲ ‘ಬೆಟ್ಟದ ತುರ್ಕರು’ ಎನ್ನಲಾಯಿತು. 1991ರಲ್ಲಿ ಸಂಸದೆ ಲೈಲಾ ಜಾನಾ ಸಂಸತ್ತಿನಲ್ಲಿ ತುರ್ಕಿಷ್‌ನಲ್ಲಿ ಪ್ರಮಾಣವಚನ ಓದಿ, ಎರಡೂ ಜನಾಂಗಗಳ ಸೋದರತ್ವದ ಬಗ್ಗೆ ಕುರ್ದಿಶ್‌ನಲ್ಲಿ ಒಂದು ಮಾತು ಸೇರಿಸಿದರು. ಸದನದಲ್ಲಿ ಕೋಲಾಹಲವೆದ್ದಿತು. ಮುಂದೆ ಅವರು ಹತ್ತು ವರ್ಷ ಜೈಲಿನಲ್ಲಿ ಕಳೆಯಬೇಕಾಯಿತು.

ಕುರ್ದರೆಲ್ಲರೂ ಪ್ರತ್ಯೇಕ ದೇಶವನ್ನೇ ಕೇಳುತ್ತಿಲ್ಲ. ತಾಯ್ನುಡಿಯಲ್ಲಿ ಶಿಕ್ಷಣ, ತಮ್ಮೂರಿನ ಆಡಳಿತದಲ್ಲಿ ತಮ್ಮ ಮಾತಿಗೆ ಬೆಲೆ, ಸಮಾನ ಪೌರತ್ವ ಇವೇ ಹಲವರ ಬೇಡಿಕೆ. 1984ರಿಂದ ತುರ್ಕಿಯ ವಿರುದ್ಧ ಹೋರಾಡಿದ ಕುರ್ದರ ಸಶಸ್ತ್ರ ಸಂಘಟನೆ ಪಿಕೆಕೆಯೇ ಪ್ರತ್ಯೇಕ ದೇಶದ ಗುರಿಯನ್ನು ಕೈಬಿಟ್ಟು, 2025ರ ಮೇ ತಿಂಗಳಲ್ಲಿ ವಿಸರ್ಜನೆ ಘೋಷಿಸಿತು. ಜುಲೈನಲ್ಲಿ ಇರಾಕಿನ ಸುಲೈಮಾನಿಯಾ ಬಳಿ ಅದರ ಹೋರಾಟಗಾರರು ಬಂದೂಕುಗಳನ್ನು ಬೆಂಕಿಗೆ ಹಾಕಿದರು. ನಲವತ್ತು ಸಾವಿರ ಜೀವಗಳನ್ನು ನುಂಗಿದ ಸಂಘರ್ಷವದು. ಆಯುಧ ಕೆಳಗಿಟ್ಟರೆ ಮಾತಾಡೋಣ ಎನ್ನುತ್ತಿದ್ದ ತುರ್ಕಿಯ ಆಡಳಿತಗಾರರು ಈಗ ಕುರ್ದರ ಹಕ್ಕುಗಳನ್ನು ಕಾನೂನಿನಲ್ಲಿ ಬರೆದುಕೊಡಬೇಕು. ಬಾಯಿಮಾತಿನ ಭರವಸೆಯನ್ನು ನಂಬಿ ಈ ಜನ ಸಾಕಷ್ಟು ಕಳೆದುಕೊಂಡಿದ್ದಾರೆ.