ಪರಿಚಾರಕರಿಲ್ಲದ ರೋಗಿ

ಚರಕ ಸಂಹಿತೆಯ ಸೂತ್ರಸ್ಥಾನದ 9ನೆಯ ಅಧ್ಯಾಯವು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಿಗೆ ಶುಶ್ರೂಷೆಯ ತಿಳಿವಳಿಕೆ, ದಕ್ಷತೆ, ಶುಚಿತ್ವಗಳೊಡನೆ ರೋಗಿಯಲ್ಲಿ ಅನುರಾಗವೂ ಇರಬೇಕು. ವೈದ್ಯಗ್ರಂಥವೊಂದು ಪ್ರೀತಿಯನ್ನು ಚಿಕಿತ್ಸೆಯ ಅಂಗವಾಗಿಯೇ ಎಣಿಸಿರುವುದನ್ನು ಭಕ್ತಾದಿಗಳು ಗಮನಿಸಬೇಕು.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸೀಮೆಯಿಂದ ನಮ್ಮಲ್ಲಿಗೆ ಬರುವ ವೃದ್ಧರಲ್ಲಿ ಈ ಮೂರನೆಯ ಪಾದವೇ ಇಲ್ಲದವರು ಹಲವರು. ಮಕ್ಕಳಿಲ್ಲ, ಸಂಗಾತಿ ಉಳಿದಿಲ್ಲ, ನಂಟರು ದೂರವಾಗಿದ್ದಾರೆ. “ಜೊತೆಗೆ ಯಾರು ಬಂದಿದ್ದಾರೆ?” ಎಂದರೆ ತಲೆ ತಗ್ಗಿಸುತ್ತಾರೆ. ಒಂದು ಪಾಲು ಔಷಧಕ್ಕೆ ಎಂಟು ಪಾಲು ನೀರೆರೆದು ಕಾಲು ಭಾಗಕ್ಕೆ ಬತ್ತಿಸಿರಿ ಎಂದು ಚೀಟಿ ಬರೆಯುವುದು ನಮಗೆ ಸುಲಭ. ಮಂಡಿ ನೋವಿನ, ಕಣ್ಣು ಮಂಜಾದ ಅಜ್ಜಿ ಆ ಕಷಾಯವನ್ನು ಕಾಯಿಸುವುದೆಂತು? ತನ್ನೊಬ್ಬಳಿಗಾಗಿ ಒಲೆ ಹಚ್ಚಲು ಬೇಸರಪಟ್ಟು ಟೀ, ಬನ್ನುಗಳಲ್ಲೇ ದಿನ ಕಳೆಯುವವರುಂಟು. ರಾತ್ರಿ ಏಳಬೇಕಾದೀತೆಂದು ನೀರನ್ನೇ ಕುಡಿಯದವರುಂಟು. ಇದರಿಂದ ಹುಟ್ಟಿದ ಮಲಬದ್ಧತೆ, ನಿದ್ರಾನಾಶ, ತಲೆಸುತ್ತುಗಳಿಗೆ ಚೂರ್ಣ ಬದಲಿಸುತ್ತ ಹೋದರೆ ಫಲವೇನು? ಜಗತ್ತಿನ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಬಾಧಿಸುತ್ತಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ತಿಳಿಸಿದೆ. ನಮ್ಮ ಬೀದಿಯ ಆ ಒಬ್ಬರು ಯಾರೆಂಬುದು ನಮಗೆ ಗೊತ್ತೇ ಇರುತ್ತದೆ.

ಅಕ್ಕಪಕ್ಕದ ಮೂರು ಮನೆಯವರು ಸರದಿ ಹಿಡಿದರೆ ಸಾಕು. ಮಧ್ಯಾಹ್ನಕ್ಕೆ ಬಿಸಿ ಮುದ್ದೆ, ಸೊಪ್ಪಿನ ಸಾರು ಒಯ್ದು, ಅವರು ಉಣ್ಣುವವರೆಗೆ ಕುಳಿತಿರಬೇಕು. ಪಾತ್ರೆ ಇಟ್ಟು ಓಡುವುದು ದಾಸೋಹವಲ್ಲ. ಕೊಡುವುದಷ್ಟೇ ಆಗದೆ, “ಅಜ್ಜಿ, ಈ ಸೊಪ್ಪು ಸೋಸಿಕೊಡಿ” ಎಂದು ಅವರಿಂದಲೂ ಕೇಳಬೇಕು. ಹಂಗಿನ ಅನ್ನ ಮೈಗೆ ಹತ್ತುವುದಿಲ್ಲ. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಗಳು ಮುಗಿದಿವೆಯೇ ನೋಡಬೇಕು. ನಮ್ಮ ಕಷಾಯ ಕುಡಿಯುತ್ತಿರುವೆನೆಂದು ಅವನ್ನು ನಿಲ್ಲಿಸಕೂಡದು.

65 ವರ್ಷ ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿಯಿದೆ. ಅರ್ಜಿ ಹಿಡಿದು ನಾಡಕಚೇರಿಗೆ ಜೊತೆಯಲ್ಲಿ ಹೋಗುವವರಿಲ್ಲದೆ ಅದು ಕೈಸೇರದಿರಬಾರದು. ಹಿರಿಯರ ಸಹಾಯವಾಣಿ 14567. “ಬದುಕಿ ಏನು ಪ್ರಯೋಜನ” ಎಂಬ ಮಾತು ಬಂದರೆ ಹಗುರವಾಗಿ ತಳ್ಳಿಹಾಕದೆ ಪಕ್ಕದಲ್ಲಿ ಕುಳಿತು ಕೇಳಬೇಕು. ಟೆಲಿ ಮಾನಸ್ ಸಂಖ್ಯೆ 14416 ಹಗಲಿರುಳೂ ದೊರೆಯುತ್ತದೆ. ಹಠಾತ್ತನೆ ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ, ಬಿದ್ದು ಏಳಲಾಗದಿದ್ದರೆ ಮನೆಮದ್ದಿಗೆ ಹೊತ್ತುಗಳೆಯದೆ 108ಕ್ಕೆ ಕರೆಮಾಡಿರಿ. ಒಳಗಿನಿಂದ ಚಿಲಕ ಹಾಕಿಕೊಂಡು ಬಿದ್ದವರನ್ನು ಹೊರತೆಗೆಯಲು ಬಾಗಿಲು ಒಡೆಯಬೇಕಾಗುತ್ತದೆ. ಆದುದರಿಂದ ಒಳಚಿಲಕ ಬಿಟ್ಟು ಬೀಗವನ್ನಷ್ಟೇ ಬಳಸಲಿ. ಅದರ ಇನ್ನೊಂದು ಕೀಲಿ, ಅವರ ಒಪ್ಪಿಗೆಯಿಂದ, ನಂಬಿಕೆಯ ನೆರೆಮನೆಯಲ್ಲಿರಲಿ.