ಊರು ಒಪ್ಪಿದ ಹಚ್ಚೆ

ಯಾವ ಹಚ್ಚೆ ಬೇಕು, ಮೈಯ ಯಾವ ಭಾಗಕ್ಕೆ ಬೇಕು ಎಂಬುದು ಇಂದು ಅವರವರ ಇಷ್ಟ. ಫಿಲಿಪೀನ್ಸ್‌ನ ಲೂಜಾನ್ ದ್ವೀಪದ ಉತ್ತರ ಭಾಗದ ಕಾರ್ಡಿಲೆರಾ ಬೆಟ್ಟಸಾಲಿನಲ್ಲಿ ಬಾಳುವ ಕಲಿಂಗ ಜನರಲ್ಲಿ ಅದನ್ನು ಊರು ತೀರ್ಮಾನಿಸುತ್ತಿತ್ತು. ಅವರ ಹಚ್ಚೆಗೆ 'ಬಾತೊಕ್' ಎಂದು ಹೆಸರು. ಕಡ್ಡಿಯ ತುದಿಗೆ ನಿಂಬೆಜಾತಿಯ ಗಿಡದ ಮುಳ್ಳು ಸಿಕ್ಕಿಸಿ, ನೀರಿನಲ್ಲಿ ಕಲಸಿದ ಮಸಿಗೆ ಅದ್ದಿ, ಇನ್ನೊಂದು ಕೋಲಿನಿಂದ ತಟ್ಟಿ ತಟ್ಟಿ ಚರ್ಮದೊಳಕ್ಕೆ ಇಳಿಸುತ್ತಾರೆ. ಗಂಡಸಿನ ಎದೆಯ ಹಚ್ಚೆ ಕಾಳಗದಲ್ಲಿ ಶತ್ರುವನ್ನು ಕೊಂದು ಬಂದವನಿಗಷ್ಟೇ ಸಲ್ಲುತ್ತಿತ್ತು. ಹೆಣ್ಣುಮಕ್ಕಳ ತೋಳು ತುಂಬುತ್ತಿದ್ದ ಹಚ್ಚೆ ಚೆಲುವಿಗೂ ಪ್ರಾಯಕ್ಕೆ ಬಂದುದಕ್ಕೂ ಗುರುತು. ಹಾಗಾಗಿ ಬಾತೊಕ್‌ನ ಅರ್ಥವನ್ನು ಬರಿಯ ಚಿತ್ತಾರದಲ್ಲಿ ಹುಡುಕಿದರೆ ಸಿಗದು. ಅದನ್ನು ಒಪ್ಪಿ ಕೊಟ್ಟ ಸಮುದಾಯದಲ್ಲಿ ಹುಡುಕಬೇಕು.

ಇದಕ್ಕೆ ಚರಿತ್ರೆಯೇ ಸಾಕ್ಷಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕನ್ನರ ಆಡಳಿತ ಶತ್ರುವಿನ ತಲೆ ಕಡಿದು ತರುವ ರುಂಡಬೇಟೆಯನ್ನು ಹತ್ತಿಕ್ಕಿತು. ಮುಳ್ಳು, ಮಸಿ, ಪಳಗಿದ ಕೈ ಎಲ್ಲವೂ ಇದ್ದರೂ ವೀರರ ಎದೆಯ ಹಚ್ಚೆ ಕ್ರಮೇಣ ಅಳಿಯಿತು, ಏಕೆಂದರೆ ಅದನ್ನು ಗಳಿಸುವ ದಾರಿಯೇ ಮುಚ್ಚಿಹೋಗಿತ್ತು. ಕೊಲೆಯ ಗುರುತನ್ನು ಕೊಂಡಾಡುವುದೇಕೆ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಆ ಹಿಂಸೆ ನಿಂತದ್ದು ಒಳ್ಳೆಯದೇ ಆಯಿತು. ಆದರೆ ಊರೂರುಗಳ ನಡುವೆ 'ಬೊದೊಂಗ್' ಎಂಬ ಶಾಂತಿ ಒಪ್ಪಂದ ಕಟ್ಟಿ ಕಾಪಾಡಿದವರೂ ಇದೇ ಜನ. ರುಂಡಬೇಟೆಯೊಂದನ್ನೇ ನೋಡಿ ಅವರನ್ನು ಅಳೆದರೆ ಹೆಂಗಸರ ಹಚ್ಚೆಯನ್ನೂ ಅದರ ಹಿಂದಿನ ಬದುಕನ್ನೂ ಕಾಣದೆ ಹೋಗುತ್ತೇವೆ.

ಇನ್ನೊಂದು ಆಕ್ಷೇಪ ಇನ್ನೂ ಗಟ್ಟಿಯಾದದ್ದು: ಕಲಿಂಗರ ಬುಸ್ಕಾಲನ್ ಹಳ್ಳಿಗೆ ಬರುವ ಪ್ರವಾಸಿಗರೆಲ್ಲ ಹಣ ಕೊಟ್ಟು ಹಾಕಿಸಿಕೊಂಡ ಮೇಲೆ ಬಾತೊಕ್ ಬರಿಯ ಸರಕಾಗಲಿಲ್ಲವೇ? ಅಲ್ಲಿನ ಹಿರಿಯ ಹಚ್ಚೆಗಾತಿ ವಾಂಗ್-ಓದ್ 1917ರಲ್ಲಿ ಹುಟ್ಟಿದವರು. 2023ರಲ್ಲಿ ವೋಗ್ ಫಿಲಿಪೀನ್ಸ್ ಪತ್ರಿಕೆ ಅವರ ಚಿತ್ರವನ್ನು ಮುಖಪುಟಕ್ಕೇರಿಸಿತು. ಹಣ ಬಂದಲ್ಲಿ ಅಪಾಯವೂ ಇದೆ, ನಿಜ. ಆದರೂ ವಿದ್ಯೆ ರಕ್ತಸಂಬಂಧಿಗಳಿಗೇ ಸಲ್ಲಬೇಕೆಂಬ ನಂಬಿಕೆಯಂತೆ ಅವರು ಕಲಿಸಿದ್ದು ತಮ್ಮ ಬಳಗದ ಮೊಮ್ಮಕ್ಕಳಿಗೆ. ವೀರರ ಎದೆಯ ಹಚ್ಚೆ ದುಡ್ಡಿಗೆ ಸಿಗುವಂಥದ್ದಲ್ಲ. ಸಂಪಾದನೆಯ ದಾರಿ ಕಂಡದ್ದರಿಂದಲೇ ಎಳೆಯರು ಮುಳ್ಳು ಹಿಡಿದರು. ಇಲ್ಲದಿದ್ದರೆ ಈ ವಿದ್ಯೆ ಒಂದು ಮುದಿ ಜೀವದೊಂದಿಗೇ ಮುಗಿಯುತ್ತಿತ್ತೇನೋ.

ಆದ್ದರಿಂದ ಪ್ರವಾಸಿ ಹಚ್ಚೆ ಹಾಕಿಸಿಕೊಳ್ಳಬಹುದೇ ಎಂಬುದಕ್ಕಿಂತ, ಅದನ್ನು ತೀರ್ಮಾನಿಸುವವರು ಯಾರು ಎಂಬುದೇ ಮುಖ್ಯ. ಫಿಲಿಪೀನ್ಸ್‌ನ 1997ರ ಮೂಲನಿವಾಸಿಗಳ ಹಕ್ಕುಗಳ ಕಾಯ್ದೆ ತಮ್ಮ ಸಾಂಸ್ಕೃತಿಕ ಜ್ಞಾನದ ಮೇಲೆ ಸಮುದಾಯಗಳಿಗಿರುವ ಹಕ್ಕನ್ನು ಮಾನ್ಯ ಮಾಡಿದೆ. ಯಾವ ಗುರುತು ಯಾರಿಗೆ ಸಲ್ಲಬೇಕು, ಯಾವುದು ಸಲ್ಲದು ಎಂಬ ಮಾತು ಕಲಿಂಗರ ಬಾಯಲ್ಲೇ ಉಳಿಯುವವರೆಗೆ ಬಾತೊಕ್ ಬದುಕಿರುತ್ತದೆ.