ಚರ್ಮದ ಕೆಲಸ ಈಗ ಗಡಿಯಾರಕ್ಕೆ

ಕಳೆದ ವರ್ಷ ಪ್ರಥಮ ಪಿಯುಸಿಗೆ ಸೇರಿದ ಮೊದಲ ವಾರ. ರಸಾಯನಶಾಸ್ತ್ರದ ತರಗತಿ ನಡೆಯುತ್ತಿತ್ತು. ವೀಲ್‌ಚೇರಿನಲ್ಲಿ ಕುಳಿತಿದ್ದ ನಾನು ಮುಂದಕ್ಕೆ ಬಾಗಿ, ಎದೆಯನ್ನು ಮೊಣಕಾಲಿಗೆ ತಾಗಿಸಿ ಸ್ವಲ್ಪ ಹೊತ್ತು ಹಾಗೆಯೇ ಇದ್ದೆ. "ಏನಪ್ಪಾ, ಇಷ್ಟು ಬೇಗ ನಿದ್ದೆ ಬಂತಾ?" ಎಂದು ಉಪನ್ಯಾಸಕರು ಕೇಳಿದರು. ತರಗತಿ ನಕ್ಕಿತು, ನಾನೂ ನಕ್ಕೆ. ಮರುದಿನ ಬಾಗುವ ಬದಲು ಕುರ್ಚಿಯ ಎರಡೂ ಬದಿಗೆ ಕೈ ಊರಿ ದೇಹವನ್ನು ಮೇಲಕ್ಕೆತ್ತಿದೆ. ಪಕ್ಕದ ಬೆಂಚಿನವನು, "ಏನು ಮಾರಾಯ, ಕ್ಲಾಸಿನಲ್ಲಿಯೂ ಜಿಮ್ಮಾ?" ಎಂದ. ಅದಾದ ಮೇಲೆ ನಾನು ಬಾಗಲೂ ಇಲ್ಲ, ಎತ್ತಲೂ ಇಲ್ಲ.

ಇಬ್ಬರೂ ನನ್ನನ್ನು ನೋಯಿಸಲು ಕೇಳಿದ್ದಲ್ಲ. ಗೊತ್ತಿಲ್ಲದ್ದರಿಂದ ಕೇಳಿದರು. ಆಗ ಉತ್ತರ ಹೇಳಲು ನನಗೆ ನಾಚಿಕೆಯಾಯಿತು. ಆ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ಬಿದ್ದ ದಿನ

ಎರಡು ವರ್ಷಗಳ ಹಿಂದೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ರಜೆಯಲ್ಲಿ ಕಾಟು ಮಾವಿನ ಹಣ್ಣು ಕೊಯ್ಯಲು ಮರ ಹತ್ತಿದ್ದೆ. ಕಾಲಿಟ್ಟ ಕೊಂಬೆ ಒಣಗಿತ್ತು. ಬಿದ್ದದ್ದು ನೆನಪಿದೆ. ಎದ್ದೇಳಲು ಹೋದಾಗ ಕಾಲುಗಳು ನನ್ನವಲ್ಲ ಅನ್ನಿಸಿದ್ದೂ ನೆನಪಿದೆ. ಗೆಳೆಯರು ಹೆದರಿ ಕಂಕುಳಿಗೂ ಕಾಲಿಗೂ ಕೈ ಹಾಕಿ ನನ್ನನ್ನು ಎತ್ತಿ ರಿಕ್ಷಾದಲ್ಲಿ ಮಡಚಿ ಕೂರಿಸಿದರು.

ಹಾಗೆ ಎತ್ತಬಾರದು ಎಂದು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬೆನ್ನೆಲುಬು ಮುರಿದಿರುವಾಗ ದೇಹ ಬಾಗಿದರೆ ಅಥವಾ ತಿರುಚಿದರೆ ಮುರಿದ ತುಂಡು ಒಳಗಿನ ಬೆನ್ನುಹುರಿಯನ್ನು ಇನ್ನಷ್ಟು ಒತ್ತಬಹುದು. ಎತ್ತರದಿಂದ ಬಿದ್ದವರು ಅಥವಾ ರಸ್ತೆ ಅಪಘಾತದಲ್ಲಿ ಗಾಯಗೊಂಡವರು ಕುತ್ತಿಗೆ ಅಥವಾ ಬೆನ್ನು ನೋವು ಎಂದರೆ, ಕೈಕಾಲು ಜೋಮು ಎಂದರೆ, ಬೆಂಕಿಯಂತಹ ಅಪಾಯ ಪಕ್ಕದಲ್ಲಿ ಇಲ್ಲದಿದ್ದರೆ ಅವರನ್ನು ಅಲುಗಾಡಿಸಬೇಡಿ. ತಲೆಯನ್ನು ಎರಡೂ ಕೈಯಿಂದ ನೇರವಾಗಿ ಹಿಡಿದುಕೊಂಡು 108ಕ್ಕೆ ಕರೆ ಮಾಡಿ. ಸಾಗಿಸಲೇಬೇಕಾದರೆ ನಾಲ್ಕೈದು ಮಂದಿ ಸೇರಿ, ತಲೆ, ಬೆನ್ನು, ಸೊಂಟ ಒಂದೇ ಸಾಲಿನಲ್ಲಿರುವಂತೆ ಮರದ ದಿಮ್ಮಿಯ ಹಾಗೆ ಒಟ್ಟಿಗೆ ಹೊರಳಿಸಿ ಗಟ್ಟಿ ಹಲಗೆಗೆ ತೆಗೆದುಕೊಳ್ಳಿ.

ಬೆನ್ನುಹುರಿ ಎಂದರೆ

ಬೆನ್ನಿನಲ್ಲಿ 33 ಕಶೇರುಮಣಿಗಳಿವೆ. ಅವುಗಳ ನಡುವಿನ ಕೊಳವೆಯಲ್ಲಿ ಸುಮಾರು 45 ಸೆಂ.ಮೀ. ಉದ್ದದ, ಕಿರುಬೆರಳಿನಷ್ಟು ದಪ್ಪದ ಬೆನ್ನುಹುರಿ ಇದೆ. ಅದರಿಂದ 31 ಜೊತೆ ನರಗಳು ಹೊರಡುತ್ತವೆ. "ನಡೆ" ಎಂಬ ಆಜ್ಞೆ ಮೆದುಳಿನಿಂದ ಕೆಳಗೆ ಇಳಿಯುವುದು ಈ ದಾರಿಯಲ್ಲಿ. "ಮುಳ್ಳು ಚುಚ್ಚಿತು" ಎಂಬ ಸುದ್ದಿ ಮೇಲೆ ಹತ್ತುವುದೂ ಇದೇ ದಾರಿಯಲ್ಲಿ.

ನನಗೆ ಒಡೆದದ್ದು ಎದೆಭಾಗದ ಕೊನೆಯ, ಅಂದರೆ ಹನ್ನೆರಡನೆಯ ಮಣಿ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆದರೆ ಏನಾಗುತ್ತದೆ? ಮಂಗಳೂರೂ ಸರಿಯಾಗಿಯೇ ಇರುತ್ತದೆ, ಬೆಂಗಳೂರೂ ಸರಿಯಾಗಿಯೇ ಇರುತ್ತದೆ. ಆದರೆ ಗಾಡಿ ಮಾತ್ರ ಆಚೀಚೆ ಹೋಗುವುದಿಲ್ಲ. ನನ್ನ ಸ್ಥಿತಿಯೂ ಹೀಗೆಯೇ. ಶಸ್ತ್ರಚಿಕಿತ್ಸೆಯಲ್ಲಿ ಕಂಬಿ, ಸ್ಕ್ರೂ ಹಾಕಿ ಮೂಳೆಯನ್ನು ನಿಲ್ಲಿಸಿದರು. ಆದರೆ ಹಾನಿಗೊಂಡ ಬೆನ್ನುಹುರಿಯನ್ನು ಮೊದಲಿನಂತೆ ಮಾಡುವ ಚಿಕಿತ್ಸೆ ಇಂದಿಗೂ ಬಂದಿಲ್ಲ. ಇದನ್ನು ಒಪ್ಪಿಕೊಳ್ಳಲು ನಮ್ಮ ಮನೆಯಲ್ಲಿ ಒಂದು ವರ್ಷ ಹಿಡಿಯಿತು. ಉಪ್ಪ ಯಾರ್ಯಾರೋ ಹೇಳಿದ ಎಣ್ಣೆ ತಂದರು. ಒಬ್ಬರು ಬಿಸಿ ಶಾಖ ಕೊಟ್ಟು ಹೋದ ಮೇಲೆ ನನ್ನ ತೊಡೆಯಲ್ಲಿ ನೀರುಗುಳ್ಳೆ ಎದ್ದಿತ್ತು. ಸುಟ್ಟದ್ದು ನನಗೆ ಗೊತ್ತೇ ಆಗಿರಲಿಲ್ಲ. ಅಂದೇ ಉಪ್ಪ ಎಣ್ಣೆಯ ಬಾಟಲಿಗಳನ್ನೆಲ್ಲ ಅಟ್ಟಕ್ಕೆ ಹಾಕಿದರು.

ಚರ್ಮ ಹೇಳುತ್ತಿದ್ದ ಮಾತು

ನಡೆಯಲಾಗದಿರುವುದೇ ದೊಡ್ಡ ಕಷ್ಟ ಎಂದು ನೋಡುವವರು ತಿಳಿಯುತ್ತಾರೆ. ನನಗೆ ಅದಕ್ಕಿಂತ ಅಪಾಯದ್ದು ತಿಳಿಯದಿರುವುದು.

ಈ ಸಾಲು ಓದುವಷ್ಟರಲ್ಲಿ ನೀವು ಬೆಂಚಿನಲ್ಲಿ ಒಮ್ಮೆ ಸರಿದು ಕುಳಿತಿರಬಹುದು. ಪೃಷ್ಠದ ಎರಡು ಮೂಳೆಗಳ ಕೆಳಗೆ ಚರ್ಮ ಒತ್ತಿಕೊಂಡಾಗ ಅಲ್ಲಿಯ ಸಣ್ಣ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ. ರಕ್ತ ಸಿಗದ ಜಾಗ ಉರಿಯತೊಡಗುತ್ತದೆ, ನೀವು ಯೋಚಿಸದೆಯೇ ಸರಿದು ಕೂರುತ್ತೀರಿ. ನಿದ್ದೆಯಲ್ಲಿ ಹೊರಳುವುದೂ ಇದೇ ಕಾರಣಕ್ಕೆ. ನನಗೆ ಆ ಉರಿ ತಲುಪುವುದಿಲ್ಲ. ಹಾಗಾಗಿ ಚರ್ಮ ಮಾಡಬೇಕಾದ ಕೆಲಸವನ್ನು ಗಡಿಯಾರ ಮಾಡಬೇಕು. 20 ನಿಮಿಷಕ್ಕೊಮ್ಮೆ ಭಾರ ತೆಗೆಯಬೇಕು. ಕೈ ಊರಿ ಎರಡು ಸೆಕೆಂಡು ಎತ್ತಿದರೆ ಸಾಲದು, ರಕ್ತ ಮರಳಿ ತುಂಬಲು ಒಂದೆರಡು ನಿಮಿಷ ಬೇಕು ಎಂದು ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟರು. ಅಷ್ಟು ಹೊತ್ತು ಎತ್ತಿ ಹಿಡಿದರೆ ಭುಜ ಸವೆಯುತ್ತದೆ. ಆದ್ದರಿಂದ ಮುಂದಕ್ಕೆ ಬಾಗುವುದೇ ಒಳ್ಳೆಯದು. ನಿದ್ದೆ ಎಂದು ಕಂಡದ್ದು ಅದು.

ನಾಚಿಕೆಯ ಲೆಕ್ಕ

ನಾನು ಬಾಗುವುದನ್ನು ಬಿಟ್ಟು ಮೂರು ವಾರ ಆಗಿತ್ತು. ಒಂದು ರಾತ್ರಿ ಬಟ್ಟೆ ಬದಲಿಸುವಾಗ ಉಮ್ಮ ಏನೂ ಹೇಳದೆ ಕನ್ನಡಿ ತಂದು ಹಿಡಿದರು. ಎಡಬದಿಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗ ಕೆಂಪಾಗಿ ನಡುವೆ ಚರ್ಮ ಒಡೆದಿತ್ತು. ನೋವು ಸ್ವಲ್ಪವೂ ಇರಲಿಲ್ಲ. ಹಾಸಿಗೆ ಹುಣ್ಣು ಎಂದು ಕರೆಯುವುದು ಇದನ್ನೇ. ಹೊರಗೆ ನಾಣ್ಯದಷ್ಟು ಕಂಡರೂ ಒಳಗೆ ಅದಕ್ಕಿಂತ ದೊಡ್ಡದಿರುತ್ತದೆ, ಏಕೆಂದರೆ ಹಾನಿ ಆರಂಭವಾಗುವುದು ಮೂಳೆಯ ಹತ್ತಿರ. ಸೋಂಕು ಮೂಳೆಗೆ ಅಥವಾ ರಕ್ತಕ್ಕೆ ಇಳಿದರೆ ಜೀವಕ್ಕೇ ಅಪಾಯ.

ಇದಕ್ಕೆ ಮುಖ್ಯ ಮದ್ದು ಆ ಜಾಗಕ್ಕೆ ಭಾರ ಬೀಳದಂತೆ ನೋಡಿಕೊಳ್ಳುವುದು. ನಾನು ಎರಡು ತಿಂಗಳು ಹೊಟ್ಟೆಯ ಮೇಲೆ ಮತ್ತು ಬದಿಯಲ್ಲಿ ಮಲಗಿಯೇ ಕಳೆದೆ. ಮಧ್ಯಾವಧಿ ಪರೀಕ್ಷೆ ತಪ್ಪಿತು. ಗೆಳೆಯರು ಕಳುಹಿಸಿದ ನೋಟ್ಸನ್ನು ಬೋರಲಾಗಿ ಮಲಗಿ ನಕಲು ಮಾಡಿದೆ. ಎರಡು ನಿಮಿಷ ಬಾಗಲು ನಾಚಿದ್ದಕ್ಕೆ ಎರಡು ತಿಂಗಳು ಹೋಯಿತು.

ದಿನದ ಗಡಿಯಾರ

ಈಗ ಸುಬುಹಿ ನಮಾಝಿನ ಬಳಿಕ ಒಮ್ಮೆ, ಇಶಾ ಬಳಿಕ ಒಮ್ಮೆ ಕನ್ನಡಿ ಹಿಡಿದು ಚರ್ಮ ನೋಡುತ್ತೇನೆ. ಕೆಂಪು ಕಂಡು, ಅರ್ಧ ಗಂಟೆಯಲ್ಲಿ ಮಾಯವಾಗದಿದ್ದರೆ ಆ ದಿನ ಅದರ ಮೇಲೆ ಕೂರುವುದಿಲ್ಲ. ನಮಾಝನ್ನು ಕುಳಿತೇ ನಿರ್ವಹಿಸುತ್ತೇನೆ. ಶಕ್ತಿಗೆ ತಕ್ಕಂತೆ ಮಾಡುವ ಅವಕಾಶ ನಮಗಿದೆ. ಬಿಸಿ ಚಹಾದ ಲೋಟವನ್ನು ತೊಡೆಯ ಮೇಲೆ ಇಡುವುದಿಲ್ಲ. ಕಿಸೆಯಲ್ಲಿ ಕೀಲಿಕೈ, ಪೆನ್ನು ಇಟ್ಟು ಕೂರುವುದಿಲ್ಲ.

ಮೂತ್ರ ತುಂಬಿದ್ದೂ ನನಗೆ ತಿಳಿಯುವುದಿಲ್ಲ. ನಾಲ್ಕರಿಂದ ಆರು ಗಂಟೆಗೊಮ್ಮೆ ಶುಚಿಯಾದ ತೆಳು ನಳಿಕೆಯಿಂದ ಅದನ್ನು ತೆಗೆಯಬೇಕು. ತಡವಾದರೆ ಸೋಂಕು, ಮುಂದೆ ಮೂತ್ರಪಿಂಡಕ್ಕೆ ಹಾನಿ. ಮೊದಲು ನಾನು ಕಾಲೇಜಿನಲ್ಲಿ ನೀರು ಕುಡಿಯುವುದನ್ನೇ ಬಿಟ್ಟಿದ್ದೆ, ಅದು ಇನ್ನೂ ಕೆಟ್ಟದ್ದು. ಪ್ರಾಂಶುಪಾಲರು ನೆಲ ಅಂತಸ್ತಿನ ಒಂದು ಶೌಚಾಲಯದ ಬಾಗಿಲನ್ನು ಅಗಲ ಮಾಡಿಸಿದ ಮೇಲೆ ಬಾಟಲಿ ತುಂಬ ನೀರು ತರುತ್ತೇನೆ. ಆ ಬಾಗಿಲು ನನಗೆ ಯಾವ ಬಹುಮಾನಕ್ಕಿಂತಲೂ ದೊಡ್ಡದು.

ನಮಗಿಂತ ಮೊದಲಿನವರು

ಬೆನ್ನುಹುರಿಗೆ ಪೆಟ್ಟಾದವರು ಹೆಚ್ಚು ದಿನ ಬದುಕುವುದಿಲ್ಲ ಎಂದು ವೈದ್ಯರೇ ಕೈಬಿಡುತ್ತಿದ್ದ ಕಾಲವಿತ್ತು. ಅವರ ಪ್ರಾಣ ಹೋಗುತ್ತಿದ್ದುದು ಹೆಚ್ಚಾಗಿ ಹುಣ್ಣು ಮತ್ತು ಮೂತ್ರದ ಸೋಂಕಿನಿಂದ. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯರು ಗಾಯಗೊಂಡ ಸೈನಿಕರನ್ನು ಹಗಲೂ ರಾತ್ರಿ ಎರಡು ಗಂಟೆಗೊಮ್ಮೆ ಹೊರಳಿಸಿ ಮಲಗಿಸುವ ಕ್ರಮ ತಂದರು. ಹುಣ್ಣು ಕಡಿಮೆಯಾಯಿತು, ಜನ ಬದುಕಿದರು. ಬದುಕಿದವರಿಗೆ 1948ರಲ್ಲಿ ಅವರು ಬಿಲ್ಲುಗಾರಿಕೆ ಸ್ಪರ್ಧೆ ಏರ್ಪಡಿಸಿದರು. ಅದೇ ಬೆಳೆದು ಪ್ಯಾರಾಲಿಂಪಿಕ್ಸ್ ಆಯಿತು.

ನಮ್ಮ ದೇಶದಲ್ಲಿ ಡಾ. ಮೇರಿ ವರ್ಗೀಸ್ ಇದ್ದರು. ವೆಲ್ಲೂರಿನಲ್ಲಿ ವೈದ್ಯೆಯಾಗಿದ್ದ ಅವರಿಗೆ 1954ರ ರಸ್ತೆ ಅಪಘಾತದಲ್ಲಿ ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿತು. ಬಳಿಕ ವೀಲ್‌ಚೇರಿನಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಕುಷ್ಠರೋಗದಲ್ಲಿಯೂ ಸ್ಪರ್ಶ ಹೋಗುತ್ತದೆ, ಸುಟ್ಟದ್ದು, ಕೊಯ್ದದ್ದು ತಿಳಿಯುವುದಿಲ್ಲ. ಅವರಿಗೂ ಅವರ ರೋಗಿಗಳಿಗೂ ಇದ್ದದ್ದು ನನಗಿರುವ ಕಷ್ಟವೇ.

ಅವನಿ ಲೇಖರಾ ಅವರ ಹೆಸರು ನಿಮಗೆ ಗೊತ್ತಿರುತ್ತದೆ. 2012ರಲ್ಲಿ, ಬಾಲಕಿಯಾಗಿದ್ದಾಗ ಕಾರು ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ, 19ನೇ ವಯಸ್ಸಿನಲ್ಲಿ ಟೋಕಿಯೋ ಪ್ಯಾರಾಲಿಂಪಿಕ್ಸ್‌ನಲ್ಲಿ ರೈಫಲ್ ಶೂಟಿಂಗ್ ಚಿನ್ನ ಗೆದ್ದರು, 2024ರಲ್ಲಿ ಪ್ಯಾರಿಸ್‌ನಲ್ಲಿ ಮತ್ತೊಮ್ಮೆ. ಮನೆಗೆ ಬಂದವರು ಅವರ ಚಿತ್ರ ತೋರಿಸಿ "ನೀನೂ ಹೀಗಾಗಬೇಕು" ಎನ್ನುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಈ ವರ್ಷ ನನಗೆ ಪದಕ ಬೇಡ. ಒಂದು ಹುಣ್ಣೂ ಇಲ್ಲದೆ ದ್ವಿತೀಯ ಪಿಯುಸಿ ಪರೀಕ್ಷೆ ಬರೆದು ಮುಗಿಸಿದರೆ ಸಾಕು.

ನೀವು ಮಾಡಬಹುದಾದದ್ದು

ಕೇಳದೆ ನನ್ನ ವೀಲ್‌ಚೇರನ್ನು ತಳ್ಳಬೇಡಿ. ಹಿಂದಿನಿಂದ ಬಂದು ತಳ್ಳಿದರೆ ನಾನು ಮುಗ್ಗರಿಸಬಹುದು. "ಸಹಾಯ ಬೇಕಾ?" ಎಂದರೆ ಬೇಕಿದ್ದರೆ ಬೇಕು ಎನ್ನುತ್ತೇನೆ. ಪ್ರಯೋಗಾಲಯದ ಮೆಟ್ಟಿಲಲ್ಲಿ ಎತ್ತುವಾಗ ಗಟ್ಟಿ ಚೌಕಟ್ಟನ್ನು ಹಿಡಿಯಿರಿ, ಕಳಚಿ ಬರುವ ಕೈಹಿಡಿಯನ್ನಲ್ಲ. ಇಳಿಜಾರು ದಾರಿಗೆ ಅಡ್ಡವಾಗಿ ಬೈಕ್ ನಿಲ್ಲಿಸಬೇಡಿ. ಅಂದಹಾಗೆ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಬೇಕು. ಅದಕ್ಕಿಂತ ಕಡಿದಾದರೆ ಒಬ್ಬನೇ ಹತ್ತಲಾಗದು. ನಿಮ್ಮ ಊರಿನಲ್ಲಿ ಮಸೀದಿ, ಸಭಾಭವನ, ಮನೆ ಕಟ್ಟುವವರಿಗೆ ಈ ಅಳತೆ ಹೇಳಿ.

ನಿಮ್ಮ ಮನೆಯಲ್ಲಿ ಅಥವಾ ನೆರೆಯಲ್ಲಿ ಇಂಥವರಿದ್ದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಬಗ್ಗೆ ತಿಳಿಸಿ. ಅದು 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯ ಇರುವವರಿಗೆ ಸರಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5 ಸೀಟು ಮೀಸಲು. ಇದಕ್ಕೆ ಯುಡಿಐಡಿ ಕಾರ್ಡ್ ಮಾಡಿಸಿಕೊಳ್ಳುವುದು ಮೊದಲ ಹೆಜ್ಜೆ.

ಕೊನೆಯದಾಗಿ, ಜಿಮ್ಮಾ ಎಂದು ಕೇಳಿದ ಗೆಳೆಯ ಈಗ ನನ್ನ ಪಕ್ಕದಲ್ಲಿಯೇ ಕೂರುತ್ತಾನೆ. ಹುಣ್ಣು ವಾಸಿಯಾಗಿ ಮರಳಿದ ದಿನ ನಾನೇ ಅವನಿಗೆ ಎಲ್ಲ ಹೇಳಿದೆ. ಅವನು ಏನೂ ಹೇಳಲಿಲ್ಲ, ಕೈಗಡಿಯಾರ ನೋಡಿಕೊಂಡ. 20 ನಿಮಿಷ ಕಳೆದಾಗ ಪೆನ್ನಿನಿಂದ ಮೇಜಿಗೆ ಎರಡು ಸಲ ಮೆಲ್ಲಗೆ ಕುಟ್ಟಿದ. ಇಂದಿಗೂ ಕುಟ್ಟುತ್ತಾನೆ. ಅವನು ರಜೆ ಹಾಕಿದ ದಿನ ನಿಮ್ಮಲ್ಲಿ ಯಾರಾದರೂ ಆ ಕೆಲಸ ಮಾಡಬೇಕು ಎಂದು ಕೇಳಿಕೊಳ್ಳಲು ಇಷ್ಟು ಬರೆದೆ.